ಸಕ್ಕರೆ ಪಾಕದ ಬುಟ್ಟಿ

ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ನಮ್ಮತ್ತೆ ಮೊದಲು ಮಾಡುತ್ತಿದ್ದ ಕೆಲಸ, ಮಗಳ ಮುಖದಿಂದ ಕನ್ನಡಕ ತೆಗೆದು ಅಕ್ಕಿ ಡಬ್ಬದೊಳಗೆ ಹೂತಿಡುವುದು. ಮೂಗಿನ ಮೇಲೆ ಅದು ಬಿಟ್ಟುಹೋದ ಎರಡು ಕೆಂಪು ಗುರುತುಗಳಿಗೆ ಪೌಡರ್ ಹಚ್ಚುವ ಕೆಲಸ ನನ್ನದು. ಹಿಂದಿನ ದಿನವೇ ತೆಗೆಸಿಬಿಟ್ಟರೆ ಗುರುತು ಮಾಯುತ್ತದೆ ಎಂದು ಸಲಹೆ ಕೊಟ್ಟವಳೂ ನಾನೇ. ಹೀಗೆ ಆ ಹುಡುಗಿ ಒಂದು ಇಡೀ ಹಗಲು ಗೋಡೆ ಸವರಿಕೊಂಡು ಓಡಾಡುತ್ತಿದ್ದಳು.

ಅವಳು ನನ್ನ ನಾದಿನಿ. ಕನ್ನಡಕ ತೆಗೆದರೆ ಎದುರಿಗೆ ನಿಂತವರ ಸೀರೆಯ ಬಣ್ಣ ತಿಳಿಯುತ್ತಿತ್ತೇ ಹೊರತು ಮುಖ ತಿಳಿಯುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ಅವಳಿಗೆ ಇಪ್ಪತ್ತೈದು. ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಅವಳ ಓರಗೆಯವರೆಲ್ಲ ಎರಡನೇ ಬಾಣಂತನ ಮುಗಿಸಿಕೊಂಡು ಹೋಗಿದ್ದರು.

ಹಿರಿಯೂರಿನವರು ಬಂದಾಗ ನಾವು ಸಿಕ್ಕಿಬಿದ್ದೆವು. ನಾದಿನಿ ಕಾಫಿ ತಟ್ಟೆ ತಂದಳು, ಬಗ್ಗಿದಳು, ಟೀಪಾಯಿಯ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ, ಏನೂ ಇಲ್ಲದ ಕಡೆ, ನಿಧಾನವಾಗಿ, ಬಹಳ ಮರ್ಯಾದೆಯಿಂದ ತಟ್ಟೆಯನ್ನು ಕೈಬಿಟ್ಟಳು. "ಹುಡುಗಿ ಬೆದರಿಬಿಟ್ಲು" ಎಂದರು ಅತ್ತೆ. ಬಂದಿದ್ದ ಹಿರಿಯರು ಪಂಚೆ ಕೊಡವುತ್ತಾ, "ಬೆದರಿದ್ದಲ್ಲ ಕಣಮ್ಮ, ಟೀಪಾಯಿ ಕಾಣ್ಲಿಲ್ಲ ಅದಕ್ಕೆ" ಎಂದರು. ಆ ಮಾತು ಬಸ್ಸು ಹತ್ತಿ ಎಲ್ಲ ತಾಲ್ಲೂಕಿಗೂ ಹೋಯಿತು.

ಆಮೇಲೆ ಒಂದು ವರ್ಷ ಯಾರೂ ಬರಲಿಲ್ಲ. ಕೊನೆಗೆ ಮಾಡದಕೆರೆಯಿಂದ ಅತ್ತೆಯ ತಮ್ಮ ಒಂದು ಸಂಬಂಧ ಹಿಡಿದುಕೊಂಡು ಬಂದರು.

"ಅಕ್ಕಾ, ಹೊಸದುರ್ಗದ ಹುಡುಗ. ಮೇಷ್ಟ್ರು. ತಾಯಿ, ಮಗ ಇಬ್ರೇ. ಒಂದೇ ಮಾತು ಕೇಳಿದ್ರು, ಹುಡುಗಿ ಕಣ್ಣು ಮಂದ ಅಂತಾರಲ್ಲ ನಿಜವೇನು ಅಂತ. ಯಾವನ್ ಹೇಳಿದ್ದು, ನಮ್ಮ ಹುಡುಗಿ ಕೈಕೆಲಸ ಬಂದು ನೋಡ್ರಿ, ಕೂದಲಂಥ ದಾರದಾಗೆ ಹೆಣೀತಾಳೆ ಅಂದ್ಬಿಟ್ಟೆ."

"ಏನು ಹೆಣೀತಾಳೋ ಅವಳು? ಜಡೆ ಹೆಣೀತಾಳೆ."

"ಅದನ್ನ ನೀವ್ ನೋಡ್ಕಳ್ರಿ. ಕಾನ್ವೆಂಟ್ ಸೊಸೆ ಐತಲ್ಲ ಮನ್ಯಾಗೆ."

ಇಬ್ಬರೂ ತಿರುಗಿ ನನ್ನನ್ನು ನೋಡಿದರು.

ನನಗೆ ಕ್ರೋಶಾ, ಅಂದರೆ ಕೊಕ್ಕೆಕಡ್ಡಿಯಲ್ಲಿ ದಾರ ಹೆಣೆಯುವುದು, ಬರುತ್ತಿದ್ದದ್ದು ನಿಜ. ಆದರೆ ಎಡಗೈಯಲ್ಲಿ. ಚಿಕ್ಕಂದಿನಲ್ಲಿ ನಾನು ಎಡಚಿ. ಹಾಸ್ಟೆಲ್ಲಿನ ಸಿಸ್ಟರುಗಳು ಸ್ಕೇಲಿನಲ್ಲಿ ಗೆಣ್ಣಿಗೆ ಹೊಡೆದು ಬರಹವನ್ನು ಬಲಗೈಗೆ ದಾಟಿಸಿದ್ದರು. ಕೈಕೆಲಸ ಕಲಿಸುತ್ತಿದ್ದ ಮುದುಕಿ ಸಿಸ್ಟರ್ ಮಾತ್ರ ಹೊಡೆಯಲಿಲ್ಲ. ನನ್ನ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, "ಕನ್ನಡಿ ನೋಡಿದ ಹಾಗೆ ನನ್ನನ್ನು ನೋಡು" ಎಂದರು. ಅವರ ಬಲಗೈಗೆ ನನ್ನ ಎಡಗೈ. ಹಾಗೆ ಕಲಿತೆ. ಮದುವೆಯಾದ ಮೇಲೆ ಬಡಿಸುವುದು, ಕೊಡುವುದು, ರಂಗೋಲಿ ಎಲ್ಲವೂ ಬಲಗೈ. ಕಡ್ಡಿ ಹಿಡಿದಾಗ ಮಾತ್ರ ಎಡಗೈ. ಅತ್ತೆ ಮೊದಲ ಸಲ ನೋಡಿ, "ಹೊರಗಿನವರ ಮುಂದೆ ಅದನ್ನ ಹಿಡೀಬ್ಯಾಡ ತಾಯಿ" ಎಂದಿದ್ದರು.

ಹತ್ತು ದಿನಗಳಿದ್ದವು. ಬಿಳಿ ಹತ್ತಿ ದಾರದಲ್ಲಿ ಒಂದು ಪುಟ್ಟ ಬುಟ್ಟಿ ಹಾಕಲು ಕೂತೆ. ಆರು ಸರಪಳಿ ಹಾಕಿ, ಕೂಡಿಸಿ ಉಂಗುರ ಮಾಡಿ, ಅದರ ಸುತ್ತ ಕಂಬದ ಹೆಣಿಗೆ. ತಳ ಅಂಗೈಯಗಲ ಆದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿದರೆ ಅದು ತಾನಾಗಿ ಮೇಲಕ್ಕೆ ಏಳುತ್ತದೆ, ಗೋಡೆಯಾಗುತ್ತದೆ. ಬಾಯಿಗೆ ಸಿಂಪಿ ಸಿಂಪಿಯಾಗಿ ಕೆಂಪು ಉಲ್ಲನ್ ಅಂಚು. ಎತ್ತಲು ಮೇಲೊಂದು ಹಿಡಿ. ದಾರದ ಬುಟ್ಟಿ ತಾನಾಗಿ ನಿಲ್ಲುವುದಿಲ್ಲ. ಸಿಸ್ಟರ್ ಹೇಳಿಕೊಟ್ಟಂತೆ ಸಕ್ಕರೆ ಪಾಕದಲ್ಲಿ ಅದ್ದಿ, ಬೋರಲು ಹಾಕಿದ ಹಿತ್ತಾಳೆ ಚೊಂಬಿನ ಮೇಲೆ ಎಳೆದು ಒಣಗಿಸಬೇಕು. ರೇಷನ್ ಸಕ್ಕರೆಯ ಕಾಲ. ಅತ್ತೆ ಒಂದು ವಾರ ಬೆಲ್ಲದ ಕಾಫಿ ಕುಡಿದು ಸಕ್ಕರೆ ಉಳಿಸಿಕೊಟ್ಟರು. ಒಣಗಿದ ಬುಟ್ಟಿಯನ್ನು ಉಗುರಿನಲ್ಲಿ ತಟ್ಟಿದರೆ ಟಕ್ ಎನ್ನುತ್ತಿತ್ತು. ಕಾನ್ವೆಂಟಿನಲ್ಲಿ ಇಂಥವನ್ನು ಗಾಜಿನ ಬೀರುವಿನೊಳಗೆ ಇಡುತ್ತಿದ್ದರೆಂಬುದು ನನಗೆ ಮರೆತೇ ಹೋಗಿತ್ತು.

"ಒಂದ್ವೇಳೆ ಹಾಕಿ ತೋರ್ಸು ಅಂದ್ರೆ?" ಎಂದಳು ನಾದಿನಿ.

ಅದಕ್ಕಾಗಿ ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಉಗ್ರಾಣದ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆವು. ಅವಳ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆ. ಮೊದಲ ಎರಡು ದಿನ ಕನ್ನಡಕ ಹಾಕಿ, ಆಮೇಲೆ ತೆಗೆದು. ಹೆಬ್ಬೆರಳಿನಿಂದ ಹಿಂದಿನ ಸಾಲನ್ನು ಸವರಿ, ಮನೆ, ಅಂದರೆ ಹೆಣಿಗೆಯ ರಂಧ್ರ, ಸಿಕ್ಕಿದ ಮೇಲೆ ಕಡ್ಡಿ ತೂರಿಸಬೇಕು. ನನ್ನ ಎಡಗೈ ಎದುರಿಗೆ ಅವಳ ಬಲಗೈ ಸಲೀಸಾಗಿ ಓಡಿತು. ಅವಳ ಬೆರಳುಗಳು ನನ್ನವಕ್ಕಿಂತ ಜಾಣ. ಏಳನೇ ದಿನ ಒಂದು ಮನೆಯೂ ತಪ್ಪದೆ ಸುತ್ತು ಮುಗಿಸಿ, ಉಗ್ರಾಣದ ಕತ್ತಲಲ್ಲಿ ನನ್ನ ಮುಖ ಇದ್ದ ಕಡೆಗೆ ನಕ್ಕು, "ಅತ್ತಿಗೆ, ಇದಾಗ್ಲಿಲ್ಲ ಅಂದ್ರೆ ಇನ್ ಯಾರೂ ಬರಲ್ಲ, ಅಲ್ವಾ?" ಎಂದಳು. ನಾನು ದಾರ ಸುತ್ತುತ್ತಾ ಕೂತೆ.

ಬಂದವರು ಮೂವರು: ಮೇಷ್ಟ್ರು, ಅವರ ತಾಯಿ, ನಮ್ಮ ಮಾಡದಕೆರೆ ಮಾವ. ಬುಟ್ಟಿಯನ್ನು ಟೀಪಾಯಿಯ ನಡುವೆ, ಕಾಗದದ ಹೂ ತುಂಬಿ ಇಟ್ಟಿದ್ದೆವು. ನಾದಿನಿ ಮಾಡಬೇಕಿದ್ದ ಕಾಫಿ ತರುವ ಕೆಲಸವನ್ನು ನಾನೇ ಮಾಡಿದೆ. ಅವಳು ಬಂದು ನಾನು ಗುರುತು ಹೇಳಿದ್ದ ಜಮಖಾನೆಯ ಮೂಲೆಯಲ್ಲಿ ಕೂತಳು. ಎಲ್ಲವೂ ಸರಿಯಾಗಿಯೇ ಇತ್ತು.

ಆಗ ಇರುವೆ ಬಂತು. ಒಂದೇ ಒಂದು ಕೆಂಪಿರುವೆ, ಬುಟ್ಟಿಯ ಹಿಡಿಯ ಮೇಲೆ. ಅದರ ಹಿಂದೆ ಇನ್ನೊಂದು. ಮೇಷ್ಟ್ರ ತಾಯಿ ಬುಟ್ಟಿಯನ್ನು ಎತ್ತಿ ಉಫ್ ಎಂದು ಊದಿದರು.

"ಸಕ್ರೆ ಹಾಕಿ ನಿಲ್ಸೀರೇನು? ಮೈದಾ ಗಂಜಿ ಹಾಕ್ಬೇಕಿತ್ತವ್ವ" ಎಂದು ನಕ್ಕರು. ಅದನ್ನು ತಿಳಿದವರು ಕ್ರೋಶಾ ತಿಳಿದವರೇ. ಅವರು ಹೂಗಳನ್ನು ತೆಗೆದು ಮಡಿಲಿನಲ್ಲಿ ಇಟ್ಟುಕೊಂಡು, ಬುಟ್ಟಿಯ ತಳವನ್ನು ಬೆಳಕಿಗೆ ಹಿಡಿದು, ತೋರುಬೆರಳನ್ನು ಸಾಲಿನ ಮೇಲೆ ನಿಧಾನವಾಗಿ ಆಡಿಸಿದರು. ಬೆರಳು ಗಡಿಯಾರದ ಮುಳ್ಳಿನ ಹಾಗೆ ಸುತ್ತಿತು. ಬಲಗೈಯವರ ಹೆಣಿಗೆ ಅದಕ್ಕೆ ಎದುರು ದಿಕ್ಕಿನಲ್ಲಿ ಹೋಗುತ್ತದೆ. ಮುದುಕಿ ಸಿಸ್ಟರ್ ಅದನ್ನು ಹೇಳಿದ್ದರು, ನಾನು ಯಾವತ್ತೋ ಮರೆತಿದ್ದೆ.

"ಚೆಂದ ಐತೆ. ಒಂದ್ ಸುತ್ತು ಹಾಕಮ್ಮ, ನೋಡಾಣ" ಎಂದರು.

ಕಡ್ಡಿ, ದಾರ ಕೊಟ್ಟೆ. ನಾದಿನಿ ಎದುರಿನ ಗೋಡೆಯ ಕಡೆಗೇ ಮುಖವಿಟ್ಟು, ಬಲಗೈಯಲ್ಲಿ, ಕತ್ತಲಲ್ಲಿ ಕಲಿತ ಹಾಗೆ, ಒಂದು ಮನೆಯೂ ತಪ್ಪದಂತೆ ಹಾಕಿಕೊಟ್ಟಳು. ಅಷ್ಟು ನೀಟಾದ ಸುತ್ತನ್ನು ನಾನೂ ಹಾಕಲಾರೆ. ಬಾಗಿಲಲ್ಲಿ ನಿಂತ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನೋಡಿದ್ರಾ, ನಾ ಹೇಳ್ಳಿಲ್ವಾ?" ಎಂದರು ಮಾವ. ಮೇಷ್ಟ್ರ ತಾಯಿ ಆ ಪುಟ್ಟ ಬಿಲ್ಲೆಯನ್ನು ಬುಟ್ಟಿಯ ತಳಕ್ಕೆ ಹೊಂದಿಸಿ ನೋಡಿ, ಎರಡನ್ನೂ ಮೆಲ್ಲಗೆ ಕೆಳಗಿಟ್ಟು, "ಕೈ ತೊಳೀಬೇಕು" ಎಂದು ಎದ್ದರು.

ಹಿತ್ತಲಲ್ಲಿ ನಾನು ನೀರು ಹಾಕಿದೆ. ಅವರು ನನ್ನ ಚೊಂಬನ್ನೇ ನೋಡುತ್ತಿದ್ದರು. ಬಲಗೈಯಲ್ಲಿ ಹಿಡಿದಿದ್ದೆ.

"ಕಾನ್ವೆಂಟಿನಾಗೆ ಓದಿದ್ಯಂತೆ."

"ಹೌದು."

"ಅಲ್ಲಿ ಸುಳ್ಳು ಹೇಳಿದ್ರೆ ಮೊಣಕಾಲೂರಿಸಿ ನಿಲ್ಲಿಸ್ತಾರಂತೆ." ನಗುತ್ತಲೇ ಹೇಳಿದರು. ಆಮೇಲೆ ದನಿ ಇಳಿಸಿ, "ಬುಟ್ಟಿ ಯಾರು ಹಾಕಿದ್ದವ್ವ? ಹೇಳು, ನಾನೇನೂ ಅನ್ಕಳಲ್ಲ" ಎಂದರು.

ಅವರ ಮುಖದಲ್ಲಿ ಕೋಪವಿರಲಿಲ್ಲ. ಹಿತ್ತಲ ಬಾಗಿಲ ಸಂದಿಯಲ್ಲಿ ಅತ್ತೆಯ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಅದು ಅಲುಗಾಡದೆ ನಿಂತಿತ್ತು.

"ನಾದಿನೀನೇ ಹಾಕಿದ್ದು" ಎಂದೆ.

"ಹಂಗಾರೆ ಸರಿ ಬಿಡು" ಎಂದು ಅವರು ಕೈ ಒರೆಸಿಕೊಂಡರು.

ಅವರು ಹೋದ ಮೇಲೆ ನಾದಿನಿ ನನ್ನ ಸೆರಗು ಹಿಡಿದು ಅಡಿಗೆಮನೆಗೆ ಎಳೆದಳು. "ಅವರು ಹೆಂಗಿದ್ರು, ಅತ್ತಿಗೆ? ಬಿಳೀ ಅಂಗಿ ಒಂದೇ ಕಾಣ್ತಿತ್ತು ನಂಗೆ."

"ತೆಳ್ಳಗೆ, ಎತ್ತರ. ಕಡಿಮೆ ಮಾತು. ಕನ್ನಡಕ ಹಾಕ್ಕೊಂಡಿದ್ರು."

"ಏನು? ಅವರೂನಾ?" ಕೈ ಚಪ್ಪಾಳೆ ತಟ್ಟಿಬಿಟ್ಟಳು. "ದಪ್ಪಂದಾ?"

"ನಿನ್ನದರಷ್ಟೇ."

"ಹಂಗಾದ್ರೆ ಆ ಮನ್ಯಾಗೆ ನಾನೂ ಹಾಕ್ಕಬೋದು. ಇಬ್ರದ್ದೂ ಒಂದೇ ಗೂಟಕ್ಕೆ ನೇತುಹಾಕದು" ಎಂದು ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹಿತ್ತಲಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ನನಗೆ ಬರುತ್ತಿದ್ದ ಪ್ರಾರ್ಥನೆಗಳನ್ನೆಲ್ಲ, ಕಾನ್ವೆಂಟಿನದು, ತವರಿನದು, ಒಂದರ ಮೇಲೊಂದು ಹೇಳಿಕೊಂಡು ಹನ್ನೆರಡು ದಿನ ಕಳೆದೆ. ಹೊರಗೆ ಸೈಕಲ್ ಗಂಟೆ ಕೇಳಿದರೆ ಅಂಚೆಯವನೇ ಎಂದು ಸೌಟು ಹಿಡಿದೇ ಬಾಗಿಲಿಗೆ ಓಡುತ್ತಿದ್ದೆ. ಹೊಸದುರ್ಗಕ್ಕೆ ನಾನೇ ಒಂದು ಕಾಗದ ಬರೆದುಬಿಡಲೇ ಎಂದು ಎರಡು ಸಲ ಪೆನ್ನು ಹಿಡಿದೆ. ವಿಳಾಸ ಮಾವನ ಹತ್ತಿರ ಇತ್ತು. ಕೇಳುವ ಧೈರ್ಯ ನನ್ನ ಹತ್ತಿರ ಇರಲಿಲ್ಲ.

ಹದಿಮೂರನೇ ದಿನ ಮಾವನೇ ಬಂದರು. ಚಪ್ಪಲಿ ಬಿಡದೆ ಜಗಲಿಯಲ್ಲೇ ಕೂತರು.

"ಆಗಲ್ಲ ಅಂದ್ರು ಅಕ್ಕಾ. ಆ ಯಮ್ಮ ಏನಂದ್ಳು ಗೊತ್ತೇನು? ಬುಟ್ಟಿ ಎಡಗೈಯವರದ್ದು, ಹುಡುಗಿ ಹಾಕಿದ್ದು ಬಲಗೈದು. ಹುಡುಗಿಗೆ ಕಣ್ಣು ಕಾಣಲ್ಲ ಅನ್ನೋದೂ ತಿಳೀತು, ದಾರದ ಕಡೆ ಒಂದ್ಸಲಾನೂ ನೋಡ್ಲಿಲ್ಲ. ಅದಕ್ಕೇನು, ನನ್ನ ಮಗನೂ ಕನ್ನಡಕದವನೇ. ಹಿತ್ಲಾಗೆ ಸೊಸೇನ ಕೇಳ್ದೆ, ಆ ಸೊಸೆ ನಿಜ ಒಂದು ಹೇಳಿದ್ರೆ ಸಾಕಾಗಿತ್ತು, ಅವತ್ತೇ ಹೂಂ ಅಂತಿದ್ದೆ. ಎಲ್ಲಾರೂ ಸೇರಿ ಮುಚ್ಚೋ ಮನೆಯಿಂದ ಹೆಣ್ಣು ತರದೆಂಗೆ ಅಂದ್ಳು."

ನಾದಿನಿ ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ ಅಕ್ಕಿ ಡಬ್ಬಕ್ಕೆ ಮೊಣಕೈವರೆಗೂ ಕೈ ಹಾಕಿ ಕನ್ನಡಕ ತೆಗೆದಳು. ಅವರು ಬಂದುಹೋದಂದಿನಿಂದ, ಹೊಸದುರ್ಗದಿಂದ ಯಾರಾದರೂ ಹೇಳದೆ ಕೇಳದೆ ಬಂದಾರೆಂದು, ಅದು ಅಲ್ಲೇ ಇತ್ತು. ಗಾಜಿನ ಮೇಲಿನ ತವುಡನ್ನು ಲಂಗದ ಅಂಚಿನಿಂದ ಒರೆಸಿ ಹಾಕಿಕೊಂಡಳು. ಆಮೇಲೆ ಎಂದೂ, ಯಾರು ಬಂದರೂ, ತೆಗೆಯಲಿಲ್ಲ. ಇಬ್ಬರು ಬಂದರು, ಕಾಫಿ ಕುಡಿದು ಹೋದರು.

ಅತ್ತೆ ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ದೀಪ ಹಚ್ಚುವಾಗ, ಬತ್ತಿ ಹೊಸೆಯುತ್ತಲೇ ಕೇಳಿದರು: "ನಾನು ಬಾಗಿಲಾಗೆ ನಿಂತಿರದಿದ್ರೆ ಹೇಳ್ತಿದ್ಯೇನೇ?"

ನಾನು ದೀಪಕ್ಕೆ ಎಣ್ಣೆ ಹಾಕಿದೆ.

ಬುಟ್ಟಿಗೆ ಇರುವೆ ಸಾಲುಗಟ್ಟಿತು. ನಾದಿನಿ ಅದನ್ನು ಬಿಸಿನೀರಿಗೆ ಹಾಕಿ ಜಾಲಿಸಿದಳು. ಸಕ್ಕರೆ ಬಿಟ್ಟ ಮೇಲೆ ಅದು ನಿಲ್ಲಲಿಲ್ಲ, ಒದ್ದೆ ಕರವಸ್ತ್ರದ ಹಾಗೆ ಮುದುಡಿಕೊಂಡಿತು. ರಾತ್ರಿ ಕನ್ನಡಕವನ್ನು ಅದರಲ್ಲೇ ಸುತ್ತಿ ದಿಂಬಿನ ಪಕ್ಕ ಇಡುತ್ತಿದ್ದಳು.

ಎರಡು ವರ್ಷದ ಮೇಲೆ ಹೊಳಲ್ಕೆರೆ ಹತ್ತಿರದ ಹಳ್ಳಿಯ ಬಾಲವಾಡಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಕಳಿಸಿಬರಲು ನಾನು ಹೋಗಿದ್ದೆ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸೀಬೆಹಣ್ಣಿನ ತಳ್ಳುಗಾಡಿಯ ಆಚೆ ಬದಿಗೆ ಬಿಳಿ ಅಂಗಿಯ ಒಬ್ಬರು ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ತೆಳ್ಳಗೆ, ಎತ್ತರ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು, ಹೊಸದುರ್ಗದ ಮೇಷ್ಟ್ರು. ಅವರು ಕನ್ನಡಕ ಹಾಕಿಕೊಂಡು ನಾದಿನಿಯನ್ನು ನೋಡಿದರು. ಕನ್ನಡಕದ ಹುಡುಗಿಯನ್ನು ಅವರೆಂದೂ ನೋಡಿರಲಿಲ್ಲ. ಅವಳೂ ತಲೆಯೆತ್ತಿ ನೇರವಾಗಿ ಅವರ ಮುಖ ನೋಡಿ, ಸ್ವಲ್ಪ ಜರುಗಿ ದಾರಿ ಬಿಟ್ಟು, ಹಣ್ಣು ಆರಿಸುವುದನ್ನು ಮುಂದುವರಿಸಿದಳು.

ಇವರೇ ಅವರು ಎಂದು ಹೇಳಲು ಬಾಯಿ ತೆರೆದೆ. ಸೀಬೆಹಣ್ಣಿನ ಚೀಲ ನನ್ನ ಎಡಗೈಯಲ್ಲಿತ್ತು, ಅದನ್ನು ಬಲಗೈಗೆ ಬದಲಾಯಿಸಿಕೊಂಡೆ.

"ಬರ್ರಿ ಅತ್ತಿಗೆ" ಎಂದಳು ಅವಳು, ದೂರಕ್ಕೆ ಕೈ ತೋರಿಸಿ. "ಹೊಳಲ್ಕೆರೆ ಬಸ್ಸು ಅದೇ. ಬೋರ್ಡು ಕಾಣ್ತೈತೆ ನಂಗೆ."