ಹದಿನೇಳನೇ ನಂಬರಿನ ಲದ್ದಿ ಮತ್ತು ಮುತ್ತಮ್ಮನ ಮಾತು

ಬೆಳಿಗ್ಗೆ ಆರೂ ಕಾಲು. ಹೊಳೆಯ ಕಡೆಯಿಂದ ಬಂದ ಮಂಜು ಇನ್ನೂ ಕಾಫಿ ಗಿಡಗಳ ಬುಡ ಬಿಟ್ಟಿಲ್ಲ. ಮುತ್ತಮ್ಮ ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಆನೆ ಲದ್ದಿಯ ಗುಡ್ಡೆಯೊಂದನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ದಿಟ್ಟಿಸುತ್ತಿದ್ದಾರೆ. ಪಕ್ಕದ ಕಬ್ಬಿಣದ ಸರಳಿಗೆ ಕಟ್ಟಿದ ಹಳದಿ ತಗಡಿನ ಮೇಲೆ 23 ಎಂದು ಬರೆದಿದೆ. ಉಂಡೆಗಳು ಒಡೆದಿವೆ, ಎರಡು ಮಾತ್ರ ಇನ್ನೂ ಗುಂಡಗಿವೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ಚೀಲದಿಂದ ಪುಸ್ತಕ ತೆಗೆದು, ಇವತ್ತಿನ ತಾರೀಕಿನ ಎದುರು ‘ಮೂರು’ ಎಂದು ಬರೆದು ಮುಂದಕ್ಕೆ ನಡೆಯುತ್ತಾರೆ.

ಇಲ್ಲಿಂದ ಮೂರು ಕಿಲೋಮೀಟರ್ ದೂರದ ದುಬಾರೆ ಆನೆ ಶಿಬಿರದಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಪ್ರವಾಸಿಗರು ಆನೆಯ ಸೊಂಡಿಲ ಪಕ್ಕ ಫೋಟೊ ಹೊಡೆಸಿಕೊಳ್ಳಲು ಸಾಲು ನಿಲ್ಲುತ್ತಾರೆ. ಆನೆಯ ಮುಂಭಾಗಕ್ಕೆ ಅಷ್ಟು ಗಿರಾಕಿ. ಹಿಂಭಾಗದ ವ್ಯವಹಾರ ನೋಡಿಕೊಳ್ಳಲು ಇರುವುದು ಮುತ್ತಮ್ಮ ಒಬ್ಬರೇ.

ವಯಸ್ಸು ಐವತ್ತನಾಲ್ಕು. ಅಪ್ಪ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದವರು. ಮುತ್ತಮ್ಮ ಏಳನೇ ಕ್ಲಾಸು ಓದಿ, ಮದುವೆಯಾಗಿ, ಇಪ್ಪತ್ತು ವರ್ಷ ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮಾಡಿದ್ದಾರೆ. ಎರಡು ವರ್ಷದ ಹಿಂದೆ, ಓದು ಬರಹ ಬರುವ, ಆನೆಗೆ ಹೆದರದ ಹೆಂಗಸು ಬೇಕೆಂದು ಮಡಿಕೇರಿಯ ತನ್ಮಯೀ ಎಂಬ ಸಂಶೋಧಕಿ ಹುಡುಕಿಕೊಂಡು ಬಂದಳು. “ಆನೆಗೆ ಹೆದ್ರುತೀನಿ ಕಣಮ್ಮ, ಅದುಕ್ಕೇ ಇನ್ನೂ ಬದುಕಿರೋದು” ಎಂದರು ಮುತ್ತಮ್ಮ. ಕೆಲಸ ಸಿಕ್ಕಿತು.

ಗಂಡ ಕೆಂಪಣ್ಣ ಮಾತ್ರ, ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ‘ಸರ್ವೆ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಅವರನ್ನು ಆಡಿಕೊಳ್ಳುವ ಹಾಗಿಲ್ಲ. ತನ್ಮಯೀಯದು ಪೂಜೆ ಪುನಸ್ಕಾರದ ಮನೆ. ಅವಳ ತಾಯಿ ಅನ್ನಪೂರ್ಣೇಶ್ವರಿ ಇವತ್ತಿಗೂ ಮಗಳು ಬರೀ ಗಣಿತ ಮಾಡುತ್ತಾಳೆ ಎಂದೇ ನಂಬಿದ್ದಾರೆ.

ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಕಾಡಾನೆಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕೂಗಲಾಗುವುದಿಲ್ಲ. ಆದ್ದರಿಂದ ಲದ್ದಿ ಎಣಿಸುತ್ತಾರೆ. ಕಾಡಲ್ಲಿ ಎಷ್ಟು ಗುಡ್ಡೆ ಬಿದ್ದಿವೆ, ಒಂದು ಆನೆ ದಿನಕ್ಕೆ ಎಷ್ಟು ಹಾಕುತ್ತದೆ, ಹಾಕಿದ್ದು ಎಷ್ಟು ದಿನ ಉಳಿಯುತ್ತದೆ, ಈ ಮೂರೂ ಗೊತ್ತಾದರೆ ಆನೆಯ ಸಂಖ್ಯೆ ಹೊರಬರುತ್ತದೆ. ಮೊದಲ ಎರಡಕ್ಕೆ ಬೇರೆ ಜನ ಇದ್ದಾರೆ. ಮಳೆಗೆ, ಬಿಸಿಲಿಗೆ, ನೆರಳಿಗೆ, ಹುಳಕ್ಕೆ ತಕ್ಕಂತೆ ಬದಲಾಗುತ್ತಲೇ ಇರುವ ಮೂರನೆಯದು ಮುತ್ತಮ್ಮನ ಪಾಲು. ಅವರು ಇದನ್ನು ನೆಂಟರ ಭಾಷೆಯಲ್ಲಿ ಬಿಡಿಸಿ ಹೇಳುತ್ತಾರೆ. “ಮನೆಗೆ ಬಂದ್ರಿ, ನಾನಿಲ್ಲ. ಬಚ್ಚಲಲ್ಲಿ ನಲವತ್ತು ಕಾಫಿ ಲೋಟ ಬಿದ್ದವೆ. ಎಷ್ಟು ಜನ ಬಂದಿದ್ರು? ನಾನು ಲೋಟ ತೊಳ್ದು ಎಷ್ಟು ದಿನ ಆಯ್ತು ಅಂತ ಗೊತ್ತಾಗ್ದೆ ಹೇಳಕ್ಕಾಯ್ತದಾ?”

ಒಟ್ಟು ಅರವತ್ತೆರಡು ಗುಡ್ಡೆಗಳು. ಪ್ರತಿಯೊಂದಕ್ಕೂ ನಂಬರು, ಪ್ರತಿಯೊಂದಕ್ಕೂ ವಾರಕ್ಕೊಂದು ಭೇಟಿ. ದಿನಕ್ಕೆ ಒಂಬತ್ತೋ ಹತ್ತೋ ಗುಡ್ಡೆ, ಎಂಟು ಕಿಲೋಮೀಟರ್ ನಡಿಗೆ. ಹಸಿ ಉಂಡೆಗೆ ಒಂದು, ಏನೂ ಉಳಿಯದಿದ್ದರೆ ಐದು, ನಡುವಿನದ್ದಕ್ಕೆ ನಡುವಿನ ಅಂಕಿ. ಭಾನುವಾರ ಪುಸ್ತಕದ ಫೋಟೊ ತನ್ಮಯೀಯ ಮೊಬೈಲಿಗೆ ಹೋಗುತ್ತದೆ, ಅಲ್ಲಿಂದ ಕಂಪ್ಯೂಟರಿಗೆ.

ಕಳೆದ ಮಳೆಗಾಲದಲ್ಲಿ ಕಂಪ್ಯೂಟರು ಮುತ್ತಮ್ಮನ ಮೇಲೆ ಮುನಿಸಿಕೊಂಡಿತು. ಕಕ್ಕಡದ, ಅಂದರೆ ಆಷಾಢದ, ಮಳೆಗೆ ಸುತ್ತಲಿನ ಗುಡ್ಡೆಗಳೆಲ್ಲ ಒಂದೊಂದಾಗಿ ಕರಗಿ ಹೋದವು. ಮೇ ಕೊನೆಯಲ್ಲಿ ನಂಬರು ಹಾಕಿದ ಹದಿನೇಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಲವತ್ತೊಂಬತ್ತನೇ ದಿನ ಎರಡು. ಎಂಬತ್ತನಾಲ್ಕನೇ ದಿನವೂ ಎರಡು. ನೂರ ಹತ್ತೊಂಬತ್ತನೇ ದಿನ, ಮತ್ತೆ ಎರಡು. ತನ್ಮಯೀಯ ಮೇಲಿನ ವಿಜ್ಞಾನಿ ಈ ಸಾಲು ನೋಡಿ, ಹೆಂಗಸು ಮನೆಯಲ್ಲೇ ಕೂತು ಬರೆಯುತ್ತಿದ್ದಾಳೆ, ಒಂದು ಸುಳ್ಳಾದರೆ ಎಲ್ಲವೂ ಸುಳ್ಳು, ಇದುವರೆಗಿನ ಪುಸ್ತಕ ಪೂರ್ತಿ ಕೈಬಿಡಿ ಎಂದರು. ತನ್ಮಯೀ ಫೋನಿನಲ್ಲಿ ಇದನ್ನು ಹೇಳಲಾರದೆ ಹೇಳಿದಳು.

ಮುತ್ತಮ್ಮನಿಗೆ ಆ ದಿನ ಊಟ ಸೇರಲಿಲ್ಲ. “ಕೆಲ್ಸ ಹೋದ್ರೆ ಪಿಕ್ಕಿಂಗ್ ಐತೆ. ಆದ್ರೆ ಸುಳ್ಳಿ ಅಂದ್ಬುಟ್ರಲ್ಲ. ಜ್ವರ ಬಂದಾಗ್ಲೂ ಹೋಗಿ ನೋಡೀನಿ ನಾನು” ಎನ್ನುವಾಗ ಅವರ ದನಿ ಇವತ್ತಿಗೂ ಸಣ್ಣಗಾಗುತ್ತದೆ.

ಹದಿನೇಳರ ಭೇಟಿ ಯಾವಾಗಲೂ ಮಂಗಳವಾರ. ಇನ್ನೊಮ್ಮೆ ನೋಡಿಯೇ ಬಿಡುತ್ತೇನೆಂದು ಮುತ್ತಮ್ಮ ಮಂಗಳವಾರಕ್ಕೆ ಕಾಯದೆ ಶುಕ್ರವಾರ ಬೆಳಿಗ್ಗೆ, ಜಡಿಮಳೆಯಲ್ಲೇ ಹೊರಟರು. ಹೋಗಿ ನೋಡಿದರೆ ಗುಡ್ಡೆಯ ಮೇಲೆ ಜಿಂಕ್ ಶೀಟು. ಗಾಳಿಗೆ ಹಾರದಂತೆ ನಾಲ್ಕು ಇಟ್ಟಿಗೆ. ನೀರು ನುಗ್ಗದಂತೆ ಸುತ್ತ ಅಚ್ಚುಕಟ್ಟಾಗಿ ತೋಡಿದ ಚರಂಡಿ. ಕೊಡೆ ಹಿಡಿದು ಮೇಲ್ವಿಚಾರಣೆಗೆ ನಿಂತಿದ್ದವರು ಆ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ಲೆಕ್ಕ ಬರೆಯುವ ರೈಟರ್ ಆಗಿರುವ ಮೊಣ್ಣಪ್ಪ.

ಕೊಡಗಿನ ತೋಟದವರನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಇಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಇಂಚು?’ ಎಂಬುದು. ಪಕ್ಕದ ತೋಟಕ್ಕಿಂತ ಹತ್ತು ಸೆಂಟ್, ಅಂದರೆ ಇಂಚಿನ ಹತ್ತನೇ ಒಂದು ಪಾಲು, ಮಳೆ ಜಾಸ್ತಿ ಬಿದ್ದರೆ ಆಕಾಶಕ್ಕೆ ತಾವೇ ಏಣಿ ಹಾಕಿದಂತೆ ಬೀಗುತ್ತಾರೆ. ಜೂನ್ ಕೊನೆಯಲ್ಲಿ ಮೊಣ್ಣಪ್ಪ ಕೊಟ್ಟ ಕಾಫಿ ಕುಡಿಯುತ್ತಾ ಮುತ್ತಮ್ಮ, ಪಕ್ಕದ ಎಸ್ಟೇಟಿನದೆಲ್ಲ ಕರಗಿ ಹೋಗುತ್ತಿದೆ ರೈಟ್ರೇ, ನಿಮ್ಮದೇ ಗಟ್ಟಿ ಎಂದು ಉಪಚಾರಕ್ಕೆ ಒಂದು ಮಾತು ಅಂದಿದ್ದರು. ಅಷ್ಟೇ ಸಾಕಾಯಿತು. ಮಂಗಳವಾರ ನಸುಕಿಗೆ ಶೀಟು ತೆಗೆಯುವುದು, ಮುತ್ತಮ್ಮ ಹೋದ ಮೇಲೆ ಮುಚ್ಚುವುದು ಮೊಣ್ಣಪ್ಪನವರ ನಿತ್ಯವಿಧಿಗೆ ಸೇರಿಕೊಂಡಿತು. ಚರಂಡಿಯನ್ನು ತೋಟದ ಕೆಲಸವೆಂದು ಬಿಟ್ಟಿದ್ದರೂ, ಗುಡ್ಡೆಯ ಸುತ್ತ ತರಗೆಲೆ ಒಣಗಿದ್ದದ್ದು ಮುತ್ತಮ್ಮನ ಕಣ್ಣಿಗೂ ಬಿದ್ದಿತ್ತು. ಪುಸ್ತಕದಲ್ಲಿ ತರಗೆಲೆಗೆ ಕಾಲಂ ಇರಲಿಲ್ಲ, ಬರೆಯಲಿಲ್ಲ.

“ನೂರೈವತ್ತು ದಿನ ದಾಟಿಸುವ ಅಂತಿದ್ದೆ ಮಾರಾಯ್ತಿ. ನಿನಗೂ ಹೆಸರು, ನಮಗೂ ಹೆಸರು” ಎಂದರು ಮೊಣ್ಣಪ್ಪ, ಸ್ವಲ್ಪವೂ ಅಳುಕದೆ.

ಮುತ್ತಮ್ಮ ಮತ್ತೆ ಲೋಟದ ಲೆಕ್ಕ ತೆಗೆದರು. ಲೋಟ ತಿಂಗಳುಗಟ್ಟಲೆ ತೊಳೆಯದೆ ಬಿದ್ದಿತ್ತೆಂದರೆ, ನಲವತ್ತು ಲೋಟ ಇದ್ದರೂ ದಿನಕ್ಕೆ ಬಂದ ನೆಂಟರು ಕಡಿಮೆ ಎಂದಾಯಿತು. ಲದ್ದಿ ಹೆಚ್ಚು ದಿನ ಉಳಿದರೆ ಆನೆಗಳು ಕಡಿಮೆ ಎಂದಾಯಿತು. ಹದಿನೇಳೊಂದರಿಂದಲೇ ಕಂಪ್ಯೂಟರಿನಲ್ಲಿ ಮೂರು ಆನೆ ಇಳಿದಿವೆಯೆಂದು ತನ್ಮಯೀ ಫೋನಿನಲ್ಲಿ ಹೇಳಿದ್ದಳು, ಅದನ್ನೂ ತಿಳಿಸಿದರು. ಆನೆ ವಿಪರೀತ ಆಗಿದೆ, ಕ್ರಮ ಕೈಗೊಳ್ಳಿ ಎಂದು ಇದುವರೆಗೆ ಹದಿನಾಲ್ಕು ಅರ್ಜಿ ಕೊಟ್ಟ ಮನುಷ್ಯ ಮೊಣ್ಣಪ್ಪ. ತಾವೇ ಕೈಯಾರೆ ಮೂರು ಆನೆ ಮುಚ್ಚಿಟ್ಟೆವೆಂದು ಗೊತ್ತಾದ ಮೇಲೆ ಕೊಡೆ ಬಿಸಾಕಿ, ಮಳೆಯಲ್ಲಿ ನೆನೆಯುತ್ತ ಶೀಟು ಎಳೆದರು.

ಇನ್ನು ತನ್ಮಯೀಗೆ ಹೇಳಬೇಕು. ತಪ್ಪು ರೈಟರದ್ದು ಎಂದು ಹೇಳಿ ಮುತ್ತಮ್ಮ ಸುಲಭವಾಗಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಕಾಫಿ ಒಣಗಿಸುವ ಡ್ರೈಯಿಂಗ್ ಯಾರ್ಡಿನ ಪಕ್ಕದ ಸೂರಿನ ಕೆಳಗೆ ನಿಂತು ಫೋನ್ ಮಾಡಿದರು. “ರೈಟ್ರು ಮುಚ್ಚಿದ್ದು ನನ್ನ ಬಾಯಿಂದ ಮೇಡಂ. ನಿಮ್ದೇ ಗಟ್ಟಿ ಅಂತ ನಾನು ಅವ್ರಿಗೆ ಹೇಳ್ಬಾರ್ದಿತ್ತು. ಹದಿನೇಳು ಹೊಡ್ದಾಕ್ಬುಡಿ.”

“ಒಂದನ್ನ ನೀವಾಗೇ ಹೊಡೆದು ಹಾಕಿ ಅಂದ್ರಲ್ಲ ಮುತ್ತಮ್ಮ, ಉಳಿದ ಅರವತ್ತೊಂದನ್ನ ನಾನು ಬಿಟ್ಟುಕೊಡಲ್ಲ” ಎಂದಳು ತನ್ಮಯೀ.

ವಿಜ್ಞಾನಿಗಳು ಮಾತಿಗೆ ಒಪ್ಪುವವರಲ್ಲ. ಮುಂದಿನ ವಾರ ತನ್ಮಯೀಯ ಮೇಲಿನವರು ತಾವೇ ಬಂದರು. ಪುಸ್ತಕ ತಮ್ಮ ಬಳಿ ಇಟ್ಟುಕೊಂಡು, ಒಂದೊಂದು ಗುಡ್ಡೆಗೂ ತಾವು ಬೇರೆ, ಮುತ್ತಮ್ಮ ಬೇರೆ ಅಂಕಿ ಹಾಕಿದರು. ಒಂಬತ್ತು ಗುಡ್ಡೆಗೆ ಒಂಬತ್ತೂ ತಾಳೆಯಾದವು. ಹತ್ತನೆಯದರ ಹತ್ತಿರ ವಿಜ್ಞಾನಿ ಕಾಲು ಜಾರಿ ಅದರ ಮೇಲೇ ಕೂತರು. ಅದನ್ನೂ ಲೆಕ್ಕದಿಂದ ಹೊಡೆದು ಹಾಕಬೇಕಾಯಿತು. ಅಷ್ಟು ಹೊತ್ತಿಗೆ ತನ್ಮಯೀ ಪುಸ್ತಕಕ್ಕೆ ಷರಾ ಎಂಬ ಹೊಸ ಕಾಲಂ ಎಳೆದಿದ್ದಳು. ಹದಿನೇಳರ ಎದುರು ಮುತ್ತಮ್ಮ ‘ನಾನು ಬಾಯಿ ಬಿಟ್ಟೆ’ ಎಂದು ಬರೆದಿದ್ದಾರೆ. ಅದರ ಕೆಳಗೆ, ಅದೇ ದುಂಡು ಅಕ್ಷರದಲ್ಲಿ, ‘ಸಾರ್ ಕೂತರು’ ಎಂದಿದೆ. ಸಾರ್ ಅದನ್ನು ಓದಿ ಕೆಳಗೆ ಸಹಿ ಹಾಕಿದ್ದಾರೆ.

ಈಗ ಮೊಣ್ಣಪ್ಪನವರ ತೋಟದಲ್ಲಿ ಹೊಸ ಗುಡ್ಡೆ ಇದೆ, ನಂಬರು ಅರವತ್ಮೂರು. ಬೇಲಿಯ ಆಚೆಯಿಂದ ಅವರು ನಮ್ಮದು ಹೇಗಿದೆ ಎಂದು ಕೇಳುತ್ತಾರೆ. ಮುತ್ತಮ್ಮ ಮಳೆ ಎಷ್ಟು ಇಂಚು ರೈಟ್ರೇ ಎಂದು ತಿರುಗಿ ಕೇಳುತ್ತಾರೆ. ಕಾಫಿ ಕುಡಿಯುವುದನ್ನಂತೂ ಬಿಟ್ಟಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಮುತ್ತಮ್ಮ ಕಾಲು ಮುಂದೆ ಮಾಡಿ ತೋರಿಸುತ್ತಾರೆ. ಕೊಟ್ಟಿರುವ ಬೂಟು ಗಂಡಸರ ಒಂಬತ್ತನೇ ಸೈಜು, ತುದಿಗೆ ಗೋಣಿ ತುಂಡು ತುರುಕಿದ್ದಾರೆ. ಐದನೇ ಸೈಜಿನದು ಸಿಕ್ಕರೆ ಸಾಕು.

ಏಳೂವರೆಯ ಹೊತ್ತಿಗೆ ಮೂವತ್ನಾಲ್ಕರ ಹತ್ತಿರ ಬರುತ್ತಾರೆ. ತಗಡು ಇದೆ, ಲದ್ದಿ ಇಲ್ಲ. ದೂರದಿಂದಲೇ ಕಾಣುತ್ತದೆ. ಆದರೂ ಮುತ್ತಮ್ಮ ಇಳಿಜಾರು ಹತ್ತಿ, ಕೂತು, ತರಗೆಲೆ ಸರಿಸಿ, ಕಡ್ಡಿಯಿಂದ ಮಣ್ಣು ಕೆದಕಿ, ಬೆರಳಲ್ಲಿ ಒಂದು ನಾರು ಸಿಕ್ಕೀತೇ ಎಂದು ತಡಕುತ್ತಾರೆ. ಇಲ್ಲ. ‘ಐದು’ ಎಂದು ಬರೆದು, ಸರಳು ಕಿತ್ತು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಂದಲೇ ಕಾಣುತ್ತಿತ್ತಲ್ಲ, ಇಷ್ಟು ದೂರ ಹತ್ತಬೇಕಿತ್ತೇ ಎಂದು ಕೇಳಿದರೆ ಬೂಟಿನ ಮಣ್ಣು ಒದರುತ್ತ ಹೇಳುತ್ತಾರೆ:

“ಇಲ್ಲ ಅಂತ ಬರಿಯೋಕೂ ಹೋಗಿ ನೋಡ್ಬೇಕಲ್ಲವ್ವ.”