ಹಾಸಿಗೆಯ ಮೂಲೆ

ಚಿಂದಿ ಅಕ್ಕನ ಕಣ್ಣಿಗೆ ಯಾವುದೂ ಕಸವಲ್ಲ. ಪರದೇಶಕ್ಕೆ ಬಂದು ಹನ್ನೊಂದು ವರ್ಷ ಹೋಟೆಲಿನಲ್ಲಿ ಹಾಸಿಗೆ ಹಾಸಿದವಳು, ಈಗ ಚಿತ್ರ ಬರೆಯುವುದೂ ಅಲ್ಲಿ ಎಸೆದ ಬೆಡ್‌ಶೀಟುಗಳ ಮೇಲೆಯೇ. ಜೊತೆ ಕೆಲಸದವರ ಹರಿದ ಕೈಗವಸು, ಬಸ್ ಟಿಕೆಟು, ಅವಧಿ ಮುಗಿದ ಕೆಲಸದ ಪರ್ಮಿಟ್ಟಿನ ಫೋಟೊ ಎಲ್ಲ ಅಂಟಿಸಿ ಬಣ್ಣ ಬಳಿಯುತ್ತಾಳೆ. ಯಾರು ಎದುರಾದರೂ “ಎಸೀಬೇಡ್ರೇ, ನಂಗೆ ಕೊಡಿ” ಎಂಬುದೇ ಅವಳ ನಮಸ್ಕಾರ. ಶೀಟನ್ನು ಚೌಕಟ್ಟಿಗೆ ಕೂರಿಸಲು ಮೊಳೆ ಹೊಡೆಯುವವಳಲ್ಲ. ಹಾಸಿಗೆಗೆ ಮಡಿಸಿದಂತೆಯೇ ಮೂಲೆ ಮಡಿಸಿ, ಇರುವೆಯೂ ನುಸುಳದಷ್ಟು ಬಿಗಿಯಾಗಿ ಸಿಕ್ಕಿಸುತ್ತಾಳೆ. ಅದೇ ಊರಿನ ದೊಡ್ಡ ಗ್ಯಾಲರಿಯಲ್ಲಿ ಅವಳ ಪ್ರದರ್ಶನ ನಡೆದ ದಿನ ಹೋಟೆಲಿನ ಮೇಲ್ವಿಚಾರಕಿಯೂ ಬಂದಳು. ದಿನಾ ಹಾಸಿಗೆಯ ಮೂಲೆ ಎತ್ತಿ ನೋಡಿ “ಮತ್ತೆ ಹಾಸು” ಎನ್ನುತ್ತಿದ್ದ ಆಕೆಯ ಕೈ ತಾನಾಗಿಯೇ ಚಿತ್ರದ ಮೂಲೆಗೆ ಹೋಯಿತು. ಅಕ್ಕ ಗೋಡೆಯ ಫಲಕ ತೋರಿಸಿ ಮೆತ್ತಗೆ ಹೇಳಿದಳು: “ಇಲ್ಲಿ ಮುಟ್ಟಬಾರ್ದು ಮೇಡಂ. ಮೂಲೆ ಸರಿಯಾಗೇ ಇದೆ.”