ಅಪ್ಪನ ಹೊಟ್ಟೆಯ ಮದ್ದು

ಕುಣಿಗಲ್ ದಾಟಿ ಒಳಗೆ ಹೋದರೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನಿದ್ದ. ಆಗದವರು ಊಟದಲ್ಲಿ ಬೆರೆಸಿಕೊಟ್ಟ ಕೈಮದ್ದು ವರ್ಷಗಟ್ಟಲೆ ಹೊಟ್ಟೆಯಲ್ಲಿ ಕೂತು ಆಳನ್ನೇ ತಿನ್ನುತ್ತದೆ ಎಂದು ನಮ್ಮ ಕಡೆ ನಂಬುತ್ತಿದ್ದರು. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದರೆ ಅದು ಹೊರಗೆ ಬೀಳುತ್ತದಂತೆ. ತೊಂಬತ್ತರ ದಶಕದ ಕೊನೆಯಲ್ಲಿ, ಹೊಟ್ಟೆ ಉರಿಯಿಂದ ಸೊರಗಿದ್ದ ಅಪ್ಪನ ಜೊತೆ ನಾನೂ ಹೋದೆ. ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಸಾಲಾಗಿ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಪ್ಪ ಕಕ್ಕಿದ್ದರಲ್ಲಿ ಕೂದಲು ಸುತ್ತಿದ ಕಪ್ಪು ಉಂಡೆಯೊಂದು ಬಿತ್ತು. ಮದ್ದು ತೆಗೆಯುವವ ಅದನ್ನು ತಟ್ಟೆಯ ನೀರಿಗೆ ಹಾಕಿದ. ನೀರು ಅಲುಗಾಡುವುದು ನಿಂತ ಮೇಲೂ ಅದು ಸಣ್ಣಗೆ ಮಿಸುಕಿದಂತೆ ಕಂಡಿತು.

"ಹಳೇದು," ಎಂದ ಆತ, ಅಪ್ಪನ ಕಡೆ ತಿರುಗದೆಯೇ. "ನಿಮ್ಮನೆ ಹೆಣ್ಣಿನ ಕೈಯಿಂದ್ಲೇ ಒಳಕ್ಕೋಗೈತೆ."

ಅಮ್ಮ ಇಲ್ಲವಾದ ಮೇಲೆ ಮನೆಯ ಹೆಣ್ಣು ಎಂದರೆ ಅಪ್ಪನ ಪಾಲಿಗೆ ಒಬ್ಬಳೇ, ಚೇಳೂರಿನಲ್ಲಿದ್ದ ಅಕ್ಕ; ನನಗೆ ಸೋದರತ್ತೆ. ಅವರಿಬ್ಬರ ತಾಯಿ ಸತ್ತಾಗ ಅಪ್ಪ ಹಲ್ಲು ಬಾರದ ಕೂಸು. ಸಾಕಿದ್ದೇ ಈ ಅತ್ತೆ. ಅಂಥವಳ ಮನೆಯಲ್ಲಿ ಅಪ್ಪ ಅವತ್ತಿನಿಂದ ನೀರೂ ಮುಟ್ಟಲಿಲ್ಲ. "ಏನ್ಲಾ, ನಾನು ನಿಂಗೆ ಮದ್ದಾಕ್ತೀನೇನ್ಲಾ?" ಎಂದು ಬಟವಾಡಿಯ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಅತ್ತೆ ಅತ್ತುಬಿಟ್ಟಳು. ಅಪ್ಪ ಕೂತಲ್ಲಿಂದ ಏಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. "ಆ ಉಂಡೆ ಅವನ ಕೈಯೊಳಗೇ ಇತ್ತು ಕಣಪ್ಪ, ಕಣ್ಣಿಗೆ ಮಣ್ಣೆರಚಿದಾನೆ!" ಎಂದು ಕೂಗಾಡಿದೆ. ಆದರೆ ಆ ಮಿಸುಕಾಟ ನೆನಪಾದಾಗಲೆಲ್ಲ ನನ್ನ ದನಿಯೇ ನನಗೆ ಟೊಳ್ಳಾಗಿ ಕೇಳುತ್ತಿತ್ತು.

ಉರಿ ಹೋಗಲಿಲ್ಲ. ಒಂದು ಬೆಳಿಗ್ಗೆ ಅದು ಎದೆಗೇ ಬಂತು. ಬನಿಯನ್ ಬೆವರಿಗೆ ತೊಪ್ಪೆಯಾಯಿತು, ಅಪ್ಪ ಎಡಗೈ ಹಿಡಿದುಕೊಂಡ. "ಮದ್ದು ಎದೆಗೆ ಹತ್ತೈತೆ, ಕುಣಿಗಲ್‌ಗೆ ನಡಿ" ಎಂದು ಅದೇ ಹಟ. ಒಳಗೆ ಕರೆಯದಿದ್ದರೂ ಆಗಾಗ ಬಂದು ಬಾಗಿಲಲ್ಲೇ ತರಕಾರಿ ಚೀಲ ಇಟ್ಟುಹೋಗುತ್ತಿದ್ದ ಅತ್ತೆ ಪುಣ್ಯಕ್ಕೆ ಅವತ್ತೂ ಬಂದಳು. "ಮದ್ದೂ ಇಲ್ಲ, ಮಣ್ಣೂ ಇಲ್ಲ. ಆಟೋ ಹತ್ತಲಾ!" ಎಂದು ತಮ್ಮನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ಹಾರ್ಟ್ ಅಟ್ಯಾಕ್. ಅಪ್ಪ ಉಳಿದ. ಚೇತರಿಸಿಕೊಂಡ ಮೇಲೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ, ಚೂರು ತೆಗೆದು ಪರೀಕ್ಷಿಸಿದರು.

"ಕಣ್ಣಿಗೆ ಕಾಣದ ಒಂದು ಕ್ರಿಮಿ ಇದೆ, ಬ್ಯಾಕ್ಟೀರಿಯಾ. ಹೊಟ್ಟೆ ಉರಿ ಅದರಿಂದ್ಲೇ. ಎಷ್ಟೋ ವರ್ಷದಿಂದ ಇದ್ದಿರಬೇಕು," ಎಂದರು ಡಾಕ್ಟರು. "ಇಂಥ ಸೋಂಕು ಬಹಳ ಕಾಲ ಉಳಿದ್ರೆ ಹೃದಯದ ರಕ್ತನಾಳಕ್ಕೂ ತೊಂದ್ರೆ ಆಗ್ಬಹುದು ಅಂತ ಕೆಲವರು ಹೇಳ್ತಾರೆ. ಇದರಿಂದ್ಲೇ ಆಯ್ತು ಅನ್ನಕ್ಕಾಗಲ್ಲ, ಬೀಡಿ, ಬಿಪಿ ಬೇರೆ ಇದೆಯಲ್ಲ. ಸಾಮಾನ್ಯವಾಗಿ ಇದು ಚಿಕ್ಕಂದಿನಲ್ಲೇ ಬರುತ್ತೆ, ಮನೆಯವರಿಂದ."

ಕುಣಿಗಲ್‌ನವನ ಮಾತು ಡಾಕ್ಟರ ಬಾಯಲ್ಲಿ!

"ಅಗಿದು ತಿನ್ಸಿದ್ರೂ ಬರ್ತೈತಾ?" ಬಾಗಿಲ ಬಳಿಯಿಂದ ಅತ್ತೆ ಕೇಳಿದಳು.

"ಬರಬಹುದು. ನೀರಿಂದ್ಲೂ ಬರಬಹುದು. ಯಾರಿಂದ ಅಂತ ಹೇಳಕ್ಕಾಗಲ್ಲಮ್ಮ."

ಅತ್ತೆಯ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. ತಾಯಿಯಿಲ್ಲದ ತಮ್ಮನಿಗೆ ರೊಟ್ಟಿ ಅಗಿದಗಿದು ತಿನ್ನಿಸಿದವಳು ಅವಳು. ಅವಳಿಗೂ ಮೊದಲಿಂದ ಅದೇ ಹೊಟ್ಟೆ ಉರಿ. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಂಗಾರೆ ನಾನೇ ಕಣ್ಲಾ" ಎಂದಳು.

ಅತ್ತೆಯನ್ನೂ ಪರೀಕ್ಷಿಸಿದಾಗ ಅದೇ ಕ್ರಿಮಿ ಸಿಕ್ಕಿತು; ಇಬ್ಬರೂ ಮಾತ್ರೆ ನುಂಗಿದರು. ಮತ್ತೆ ಪರೀಕ್ಷೆ ಮಾಡಿಸಿದಾಗ ಇಬ್ಬರಲ್ಲೂ ಕ್ರಿಮಿ ಇರಲಿಲ್ಲ. ಆದರೂ ಅತ್ತೆಯ ಬಾಯಿಂದ ಸೆರಗು ಇಳಿಯಲಿಲ್ಲ. ಅಡಿಗೆ ಮಾಡಿದರೂ ಯಾರಿಗೂ ಬಡಿಸಲೊಲ್ಲಳು. ನನ್ನ ಮಗು ತೊಡೆಯೇರಿದರೆ ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಬಟ್ಟೆಯ ಹಿಂದಿನಿಂದ ಬರುವ ಆ ದನಿ ನನ್ನ ಅತ್ತೆಯದೇ ಅನ್ನಿಸುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು.

ಕೊನೆಗೆ ಅಪ್ಪನೇ ಚೇಳೂರಿಗೆ ಹೋದ. ನಾನೂ ಇದ್ದೆ. ತಟ್ಟೆ ತಾನೇ ತಂದು ಅಕ್ಕನ ಮುಂದೆ ಇಟ್ಟುಕೊಂಡು ಕೂತ. "ಇಕ್ಕು."

"ಬ್ಯಾಡ ಬುಡ್ಲಾ, ನನ್ ಕೈಯಿಂದ ಬ್ಯಾಡ."

"ಅವತ್ತು ನೀನು ಅಗಿದು ತಿನ್ನಿಸ್ದೆ ಇದ್ದಿದ್ರೆ, ಹೊಟ್ಟೆ ಉರೀತೈತೆ ಅನ್ನೋಕೆ ನಾನೆಲ್ಲಿ ಇರ್ತಿದ್ದೆ ಅಕ್ಕ?"

ಅತ್ತೆ ಒಂದು ಕೈಯಲ್ಲಿ ಸೆರಗನ್ನು ಬಾಯಿಗೆ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ತಟ್ಟೆಗೆ ಮುದ್ದೆ ಇಟ್ಟಳು. ಅಪ್ಪ ಉಂಡ.